ಹೀರೆ ಹೂವು ಅರಳುವ ಹೊತ್ತು

ನಾನಿರುವ ಕಡೆ ಮೇ ತಿಂಗಳ ನಡುವಿನವರೆಗೂ ರಾತ್ರಿ ನೆಲ ಬೆಳ್ಳಗಾಗುವಷ್ಟು ಮಂಜು ಕಟ್ಟುತ್ತದೆ. ಅಕ್ಟೋಬರ್ ಮೊದಲ ವಾರಕ್ಕೆ ಮತ್ತೆ ಶುರು. ನಡುವೆ ತರಕಾರಿಗೆ ಸಿಗುವುದು ಸುಮಾರು 140 ದಿನ. ಕನ್ನಡ ನಾಡಿನಲ್ಲಿ ಬೆಳೆದ ನನಗೆ ಹೀಗೆ ದಿನ ಎಣಿಸುವುದೇ ಹೊಸದಾಗಿತ್ತು. ಅಲ್ಲಿ ನೀರೊಂದಿದ್ದರೆ ವರ್ಷದ ಯಾವ ತಿಂಗಳಲ್ಲಾದರೂ ಏನಾದರೊಂದು ಬೀಜ ಹಾಕಬಹುದು. ಒಂದು ಪಾತಿ ಕೆಟ್ಟರೆ ಮುಂದಿನ ತಿಂಗಳು ಇನ್ನೊಂದು. ಇಲ್ಲಿ ಒಂದು ತಪ್ಪಾದರೆ ಆ ಬೆಳೆಯ ಮಟ್ಟಿಗೆ ವರ್ಷವೇ ಮುಗಿದ ಹಾಗೆ.

ಮೊದಲ ವರ್ಷ ಏಪ್ರಿಲ್ ಕೊನೆಯಲ್ಲಿ ನಾಲ್ಕು ದಿನ ಒಳ್ಳೆ ಬಿಸಿಲು ಬಂತು. ಕಿಟಕಿ ಹತ್ತಿರ ಬೆಳೆಸಿದ್ದ ಹನ್ನೆರಡು ಟೊಮೆಟೊ ಸಸಿಗಳನ್ನು ತಂದು ನೆಟ್ಟುಬಿಟ್ಟೆ. ಪಕ್ಕದ ಮನೆಯ ಹಿರಿಯರು ಬೇಲಿ ಆಚೆಯಿಂದ ನೋಡಿ, ಇನ್ನೂ ಮೂರು ವಾರ ತಡಿ ಅಂದಿದ್ದರು. ಇಷ್ಟು ಬಿಸಿಲಿದೆಯಲ್ಲ, ಏನಾಗುತ್ತೆ ಅಂದುಕೊಂಡೆ. ಐದನೇ ದಿನ ಬೆಳಿಗ್ಗೆ ಹೋಗಿ ನೋಡಿದರೆ ಎಲೆಗಳೆಲ್ಲ ಕುದಿಯುವ ನೀರು ಸುರಿದ ಹಾಗೆ ಮೆತ್ತಗಾಗಿದ್ದವು. ಬಣ್ಣ ಕಡು ಹಸಿರು, ಮುಟ್ಟಿದರೆ ಒದ್ದೆ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಕಪ್ಪು. ಆರು ವಾರ ಕೂಸಿನ ಹಾಗೆ ನೋಡಿಕೊಂಡ ಸಸಿಗಳು ಒಂದೇ ರಾತ್ರಿಗೆ ಹೋದವು. ಅವತ್ತು ತುಂಬ ಬೇಜಾರಾಗಿತ್ತು.

ಆ ಹಿರಿಯರ ಹತ್ತಿರ ಒಂದು ನೋಟ್‌ಬುಕ್ ಇದೆ. ಯಾವ ವರ್ಷ ಕೊನೆಯ ಮಂಜು ಯಾವತ್ತು ಬಿತ್ತು, ಯಾವ ಬೀಜ ಎಷ್ಟು ದಿನಕ್ಕೆ ಮೊಳೆಯಿತು, ಮೊದಲ ಕಾಯಿ ಯಾವಾಗ ಕಿತ್ತರು, ಎಲ್ಲ ತಾರೀಖು ಸಮೇತ. ಇಲ್ಲಿ ತೋಟ ಮಾಡುವವರಲ್ಲಿ ಈ ರೂಢಿ ಜಾಸ್ತಿ. ನಮ್ಮ ಕಡೆ ಹೀಗೆ ಬರೆದಿಟ್ಟವರನ್ನು ನಾನು ನೋಡಿಲ್ಲ. ಅಲ್ಲಿ ಮಣ್ಣನ್ನು ಹಿಡಿಯಲ್ಲಿ ಹಿಸುಕಿ ನೋಡಿ ‘ಹದಕ್ಕೆ ಬಂದಿದೆ’ ಅನ್ನುತ್ತಾರೆ. ಯಾರಾದರೂ ನೆಟ್ಟಿದ್ದೆಲ್ಲ ಚಿಗುರಿದರೆ ಅವರ ಕೈಗುಣ ಚೆನ್ನಾಗಿದೆ ಅನ್ನುತ್ತಾರೆ. ನಾನು ಆ ಕೈಗುಣ ನನ್ನ ಜೊತೆಗೇ ಬಂದಿದೆ ಅಂತ ನಂಬಿದ್ದೆ. ಕೈ ಬಂದಿತ್ತು ನಿಜ, ಆದರೆ ಆ ಕೈಗೆ ಇಲ್ಲಿನ ಮಣ್ಣು, ಇಲ್ಲಿನ ಬಿಸಿಲು ಇನ್ನೂ ಗೊತ್ತಿರಲಿಲ್ಲ.

ಈಗ ನಾನೂ ಬರೆದಿಡುತ್ತೇನೆ. ಟೊಮೆಟೊ ಬೀಜ ಮಾರ್ಚ್ ಕೊನೆಗೆ ಮನೆಯೊಳಗೆ. ಆರರಿಂದ ಎಂಟು ವಾರದ ಸಸಿಯನ್ನು ನೇರ ಹೊರಗೆ ನೆಡುವುದಿಲ್ಲ. ಮೊದಲ ದಿನ ಒಂದು ಗಂಟೆ ನೆರಳಲ್ಲಿ, ಮರುದಿನ ಎರಡು ಗಂಟೆ, ಹೀಗೆ ಏಳರಿಂದ ಹತ್ತು ದಿನ ಗಾಳಿಗೆ, ಬಿಸಿಲಿಗೆ ಒಗ್ಗಿಸಬೇಕು. ಬೆಂಡೆಗೆ ಮಾತ್ರ ಈ ಉಪಚಾರ ಹಿಡಿಸುವುದಿಲ್ಲ. ಅದರ ತಾಯಿಬೇರು ನೇರ ಕೆಳಗಿಳಿಯುತ್ತದೆ, ಕಿತ್ತು ನೆಟ್ಟರೆ ಮುನಿಸಿಕೊಳ್ಳುತ್ತದೆ. ಮಣ್ಣು ಕೈಗೆ ಬೆಚ್ಚಗೆ ಅನಿಸುವವರೆಗೆ ಕಾದು ಬೀಜವನ್ನೇ ಊರಬೇಕು.

ಖರ್ಚಿನ ಮಾತಿಗೆ ಬರುತ್ತೇನೆ. ಮನೆ ತರಕಾರಿ ಅಗ್ಗ ಅಂತ ಹೇಳುವವರು ಮೊದಲ ವರ್ಷದ ಲೆಕ್ಕ ಹೇಳುವುದಿಲ್ಲ. ನಾಲ್ಕು ಅಡಿ ಅಗಲ, ಎಂಟು ಅಡಿ ಉದ್ದ, ಒಂದು ಅಡಿ ಎತ್ತರದ ಹಲಗೆ ಮಡಿ ಒಂದನ್ನು ತುಂಬಲು ಸುಮಾರು 900 ಲೀಟರ್ ಮಣ್ಣು ಬೇಕು. 50 ಲೀಟರಿನ ಚೀಲ ಹದಿನೆಂಟು! ನಾನು ಹದಿನೆಂಟನ್ನೂ ಕೊಂಡು ತಂದೆ. ಮರುವರ್ಷ ನೋಡಿದರೆ ಮಡಿ ಸಾಕಷ್ಟು ಕುಸಿದಿತ್ತು. ಚೀಲದ ಮಣ್ಣಿನಲ್ಲಿ ಬಹುಪಾಲು ಕೊಳೆತು ಇಳಿಯುವ ಕಸಕಡ್ಡಿಯೇ ಇರುತ್ತದೆ. ಅಡಿಯ ಅರ್ಧ ಭಾಗಕ್ಕೆ ಒಣ ಕೊಂಬೆ, ತರಗೆಲೆ ತುಂಬಿ ಮೇಲೆ ಒಳ್ಳೆ ಮಣ್ಣು ಹಾಕಿದ್ದರೆ ಅರ್ಧ ಖರ್ಚಿನಲ್ಲಿ ಆಗುತ್ತಿತ್ತು. ಎರಡನೇ ಮಡಿಗೆ ಹಾಗೇ ಮಾಡಿದೆ. ಅದೂ ಕುಸಿಯಿತು, ಆದರೆ ಪ್ರತಿ ವರ್ಷ ಮೇಲೆ ನಾಲ್ಕು ಬೆರಳು ಗೊಬ್ಬರ ಹಾಕಿದರೆ ಸಾಕು. ಒಂದು ಮಾತು ನೆನಪಿಡಿ. ಮರದ ಪುಡಿ, ಹಸಿ ಹೊಟ್ಟು ಇಂಥವನ್ನು ಬೇರು ಓಡಾಡುವ ಮೇಲ್ಮಣ್ಣಿಗೆ ಕಲಸಬೇಡಿ. ಅವು ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಹೀರಿಕೊಂಡು ಗಿಡ ಹಳದಿಯಾಗುತ್ತದೆ.

ಕೊಂಡು ತಂದ ಗೊಬ್ಬರದ ಬಗ್ಗೆಯೂ ಹುಷಾರಾಗಿರಬೇಕು. ಹುಲ್ಲುಗಾವಲಿಗೆ ಹೊಡೆಯುವ ಕೆಲವು ಕಳೆನಾಶಕಗಳು ದನದ ಹೊಟ್ಟೆ ದಾಟಿ ಸಗಣಿಯಲ್ಲೂ ಉಳಿಯುತ್ತವೆ. ತಿಪ್ಪೆಯಲ್ಲಿ ತಿಂಗಳುಗಟ್ಟಲೆ ಕೊಳೆತರೂ ಅವು ಪೂರ್ತಿ ಹೋಗುವುದಿಲ್ಲ. ಆ ಗೊಬ್ಬರ ಬಿದ್ದ ಕಡೆ ಟೊಮೆಟೊ, ಹುರುಳಿಕಾಯಿ ಗಿಡಗಳ ಎಳೆ ಎಲೆ ಬಟ್ಟಲಿನ ಹಾಗೆ ಮುದುಡುತ್ತದೆ, ಕುಡಿ ತಿರುಚುತ್ತದೆ. ನನ್ನ ಒಂದಿಡೀ ಮಡಿ ಹೀಗೆ ಹಾಳಾಯಿತು. ಯಾವುದೋ ರೋಗ ಅಂತ ಒಂದು ತಿಂಗಳು ಏನೇನೋ ಸಿಂಪಡಿಸಿದೆ. ಈಗ ಹೊಸ ಗೊಬ್ಬರ ಬಂದರೆ ಮೊದಲು ಎರಡು ಕುಂಡದಲ್ಲಿ ಪರೀಕ್ಷೆ. ಒಂದರಲ್ಲಿ ಬರೀ ಮಣ್ಣು, ಇನ್ನೊಂದರಲ್ಲಿ ಗೊಬ್ಬರ ಬೆರೆಸಿದ ಮಣ್ಣು, ಎರಡಕ್ಕೂ ಹುರುಳಿಕಾಯಿ ಬೀಜ. ಮೂರು ವಾರದಲ್ಲಿ ಗೊತ್ತಾಗುತ್ತದೆ. ಇದಕ್ಕೆ ಖರ್ಚಾಗುವುದು ನಾಲ್ಕು ಬೀಜ, ಅಷ್ಟೇ.

ನೀರಿನ ವಿಷಯದಲ್ಲಿ ನಮ್ಮ ಕಡೆಯವರೇ ಜಾಣರು ಅಂತ ನನ್ನ ಅನಿಸಿಕೆ. ವಾರಕ್ಕೆ 25 ಮಿಲಿಮೀಟರ್ ಮಳೆಯಷ್ಟು ನೀರು ಸಾಕು ಅಂತ ಲೆಕ್ಕ. ಅಂದರೆ ಒಂದು ಚದರ ಮೀಟರಿಗೆ 25 ಲೀಟರ್, ನನ್ನ ಮಡಿಗೆ ವಾರಕ್ಕೆ 75. ಇಲ್ಲಿ ಬಹಳ ಜನ ಪೈಪು ಹಿಡಿದು ದಿನಾ ಸಂಜೆ ಎಲೆ ಮೇಲೆ ಹಾರಿಸುತ್ತಾರೆ. ಮಣ್ಣು ಮೇಲಷ್ಟೇ ನೆನೆಯುತ್ತದೆ, ಎಲೆ ರಾತ್ರಿಯಿಡೀ ಒದ್ದೆ, ಟೊಮೆಟೊಗೆ ಅಂಗಮಾರಿ ಬರಲು ಅಷ್ಟು ಸಾಕು. ಬುಡಕ್ಕೆ ಪಾತಿ ಮಾಡಿ, ನಿಧಾನ ನೀರು ಬಿಟ್ಟು, ಮೇಲೆ ತರಗೆಲೆ ಮುಚ್ಚುವುದನ್ನು ನಾನು ಚಿಕ್ಕಂದಿನಲ್ಲೇ ಕಂಡಿದ್ದೆ. ಅದನ್ನೇ ಇಲ್ಲಿ ಮಾಡಿದೆ. ಮುಂಚೆ ನನ್ನ ಟೊಮೆಟೊ ಕಾಯಿಗಳ ತಳ ಕಪ್ಪಾಗಿ ಕೊಳೆಯುತ್ತಿತ್ತು. ಒಂದು ದಿನ ಕೆಸರು, ಮೂರು ದಿನ ಒಣಗು, ಹೀಗಾದಾಗ ಗಿಡಕ್ಕೆ ಮಣ್ಣಿನ ಸುಣ್ಣದಂಶ ಕಾಯಿತನಕ ಮುಟ್ಟಿಸಲು ಆಗುವುದಿಲ್ಲ. ನೀರು ಒಂದೇ ಸಮ ಕೊಟ್ಟ ಮೇಲೆ ಆ ಕಾಟ ಹೋಯಿತು. ಪಕ್ಕದ ಮನೆಯ ಹಿರಿಯರೂ ಈಗ ಪಾತಿ ಮಾಡುತ್ತಾರೆ. ಅವರ ನೋಟ್‌ಬುಕ್ಕಿನಲ್ಲಿ ಅದಕ್ಕೂ ಒಂದು ತಾರೀಖು ಇದೆ.

ಇನ್ನು ಹೀರೆ. ಮೂರನೇ ವರ್ಷ ಹೀರೆ ಬಳ್ಳಿ ಹಾಕಿದೆ. ಬಳ್ಳಿ ಚಪ್ಪರ ತುಂಬಿತು, ಜುಲೈ ಪೂರ್ತಿ ಗಂಡು ಹೂಗಳ ಗೊಂಚಲು. ದಿನ ಉದ್ದ ಇದ್ದಾಗ ಹೀರೆಯಲ್ಲಿ ಗಂಡು ಹೂವೇ ಜಾಸ್ತಿ. ಆಗಸ್ಟ್‌ನಲ್ಲಿ ಬುಡದಲ್ಲಿ ಕಿರುಬೆರಳಷ್ಟು ಹೀಚು ಹೊತ್ತ ಹೆಣ್ಣು ಹೂಗಳು ಬಂದವು. ಕುಂಬಳಕ್ಕೆ ಮಾಡುವ ಹಾಗೆ ದಿನಾ ಬೆಳಿಗ್ಗೆ ಎದ್ದು ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಸವರಿದೆ. ಒಂದೂ ಕಾಯಿ ಕಚ್ಚಲಿಲ್ಲ. ಹೀಚೆಲ್ಲ ಹಳದಿಯಾಗಿ, ಮುಟ್ಟಿದರೆ ಕೈಗೆ ಉದುರುತ್ತಿತ್ತು. ಅಮ್ಮನಿಗೆ ಫೋನು ಮಾಡಿದಾಗ ಹೇಳಿಕೊಂಡೆ.

‘ಯಾವಾಗ ಮುಟ್ಟಿಸ್ತೀಯ?’ ಅಂದರು.

‘ಬೆಳಿಗ್ಗೆ ಆರೂವರೆಗೆ.’

‘ಹೀರೆ ಹೂವು ಅರಳೋದೇ ಸಂಜೆ ಕಣೋ. ಬೆಳಿಗ್ಗೆ ಹೊತ್ತಿಗೆ ಅದು ಹಳೇ ಹೂವು.’

ಅವತ್ತು ಸಂಜೆ ಆರಕ್ಕೆ ಹೋಗಿ ಚಪ್ಪರದ ಕೆಳಗೆ ನಿಂತೆ. ಮೊಗ್ಗಾಗಿದ್ದವು ಒಂದೊಂದೇ ಸಡಿಲವಾಗಿ, ಸುಕ್ಕು ಬಿಡಿಸಿಕೊಂಡು ಅರಳುತ್ತಿದ್ದವು. ತೆಳು ಹಳದಿ ದಳ. ಗಂಡು ಹೂವಿನ ನಡುವೆ ಬೆರಳಿಟ್ಟರೆ ಪರಾಗ ತುದಿಗೆ ಅಂಟಿಕೊಂಡು ಬಂತು. ಬೆಳಗಿನ ಹೂವಿನಲ್ಲಿ ನಾನು ಅದನ್ನು ಕಂಡೇ ಇರಲಿಲ್ಲ. ನಾಲ್ಕು ಹೂವಿಗೆ ಸವರಿದೆ. ಮೂರು ದಿನಕ್ಕೆ ಮೂರು ಹೀಚು ಕೆಳಗೆ ಬಾಗಿ ಉದ್ದವಾಗತೊಡಗಿದವು. ನೋಟ್‌ಬುಕ್ಕಿನಲ್ಲಿ ಇರದ ವಿಷಯ ಅಮ್ಮನ ಕಣ್ಣಲ್ಲಿತ್ತು. ಅವರು ಯಾವತ್ತೂ ಬರೆದಿಟ್ಟವರಲ್ಲ, ಸಂಜೆ ಹೂವಿನ ಹತ್ತಿರ ನಿಂತವರು.

ಅವರೆಯ ವಿಷಯದಲ್ಲಿ ಮಾತ್ರ ಅಮ್ಮನ ಅನುಭವವೂ ನಡೆಯಲಿಲ್ಲ. ಇಲ್ಲೇ ಬೀಜ ತರಿಸಿದ್ದೆ. (ಬಹಳಷ್ಟು ದೇಶಗಳಲ್ಲಿ ಅನುಮತಿ ಇಲ್ಲದೆ ಬೀಜ ಒಳಗೆ ತರುವಂತಿಲ್ಲ, ಅದು ಸರಿಯೇ. ಬೀಜದ ಜೊತೆ ರೋಗವೂ ಬರುತ್ತದೆ.) ಬಳ್ಳಿ ಬೇಲಿ ಹತ್ತಿತು, ಎಲೆಯೋ ಎಲೆ, ಒಂದೂ ಹೂವಿಲ್ಲ. ಹೂ ಬಿಡಲು ಆ ತಳಿಯ ಅವರೆಗೆ ರಾತ್ರಿ ಉದ್ದವಾಗಬೇಕು, ಹಗಲು ಗಿಡ್ಡವಾಗಬೇಕು. ಇಲ್ಲಿ ಬೇಸಗೆಯ ಹಗಲು ತುಂಬ ಉದ್ದ. ಸೆಪ್ಟೆಂಬರ್ ಕೊನೆಗೆ ಮೊಗ್ಗು ಕಾಣಿಸಿತು, ಎರಡು ವಾರದಲ್ಲಿ ಮಂಜು ಬಂತು. ಅದಕ್ಕೆ ಗೊಬ್ಬರವೂ ಪರಿಹಾರ ಅಲ್ಲ, ನೀರೂ ಅಲ್ಲ. ಹಗಲಿನ ಉದ್ದ ಲೆಕ್ಕಿಸದ ತಳಿ ಹುಡುಕಬೇಕು, ಇಲ್ಲದಿದ್ದರೆ ಆಸೆ ಬಿಡಬೇಕು. ನಾನು ಹುಡುಕುತ್ತಿದ್ದೇನೆ.

ದುಡ್ಡಿನ ದೃಷ್ಟಿಯಿಂದ ಕೇಳುವವರಿಗೆ ನೇರವಾಗಿ ಹೇಳುತ್ತೇನೆ. ಸಣ್ಣ ಜಾಗದಲ್ಲಿ ಆಲೂಗಡ್ಡೆ, ಈರುಳ್ಳಿ ಬೆಳೆದು ಉಳಿತಾಯ ಆಗುವುದಿಲ್ಲ. ಸೊಪ್ಪು ಬೆಳೆಯಿರಿ. ಕೊಯ್ದಷ್ಟೂ ಚಿಗುರುತ್ತದೆ, ಒಂದು ತಿಂಗಳೊಳಗೆ ಕೈಗೆ ಬರುತ್ತದೆ, ಬೇಕಾದಷ್ಟೇ ಕಿತ್ತುಕೊಳ್ಳಬಹುದು, ಬಾಡಿ ಎಸೆಯುವುದಿಲ್ಲ. ಆಮೇಲೆ ಬಳ್ಳಿ ಹುರುಳಿಕಾಯಿ. ನೆಲದಲ್ಲಿ ಒಂದು ಅಡಿ ಜಾಗ, ಮೇಲೆ ಆರು ಅಡಿ ಬೆಳೆ. ಅದರ ಬೇರಿನ ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಗುಲಾಬಿ ಬಣ್ಣ ಇದ್ದರೆ ಗಾಳಿಯ ಸಾರಜನಕ ಹಿಡಿಯುವ ಕೆಲಸ ಅಲ್ಲಿ ನಡೆಯುತ್ತಿದೆ ಅಂತ ಅರ್ಥ.

ರುಚಿ ಬೇರೆಯೇ ಲೆಕ್ಕ. ದೂರ ಸಾಗಿಸುವ ಟೊಮೆಟೊವನ್ನು ಕಾಯಿ ಇರುವಾಗಲೇ ಕೀಳುತ್ತಾರೆ, ನಾವು ಗಿಡದಲ್ಲೇ ಹಣ್ಣಾಗಲು ಬಿಡುತ್ತೇವೆ. ಹಸಿ ಬಟಾಣಿ ಕಿತ್ತ ಗಳಿಗೆಯಿಂದಲೇ ಅದರ ಸಿಹಿ ಪಿಷ್ಟವಾಗಿ ತಿರುಗುತ್ತಾ ಹೋಗುತ್ತದೆ. ನನ್ನ ಮಗಳು ಅದನ್ನು ಗಿಡದ ಹತ್ತಿರವೇ ನಿಂತು ಸುಲಿದು ತಿನ್ನುತ್ತಾಳೆ. ಮನೆಯೊಳಗೆ ಬರುವುದು ಬರೀ ಸಿಪ್ಪೆ, ಅದು ಗೊಬ್ಬರದ ಡಬ್ಬಕ್ಕೆ.

ಇದು ಆರನೇ ವರ್ಷ. ಮಣ್ಣಿಗೆ ಈಗ ಗುದ್ದಲಿ ಬೇಡ, ಕೈ ಹಾಕಿದರೆ ಮಣಿಕಟ್ಟಿನವರೆಗೆ ಇಳಿಯುತ್ತದೆ. ಎರೆಹುಳು ತುಂಬ ಇವೆ. ನಿನ್ನೆ ಸಂಜೆ ಹೀರೆ ಚಪ್ಪರದ ಹತ್ತಿರ ಹೋದಾಗ ಪಕ್ಕದ ಮನೆಯ ಹಿರಿಯರು ಬೇಲಿಯ ಆಚೆ ನಿಂತಿದ್ದರು. ಅವರೂ ಈ ಸಲ ಎರಡು ಹೀರೆ ಬಳ್ಳಿ ಹಾಕಿದ್ದಾರೆ. ಕೈಯಲ್ಲಿ ನೋಟ್‌ಬುಕ್ ಹಿಡಿದು, ಹೂವು ಎಷ್ಟು ಗಂಟೆಗೆ ಬಿಚ್ಚುತ್ತದೆ ಅಂತ ಕಾಯುತ್ತಿದ್ದರು.