ಆಯಾಗಳು ನಿಲ್ಲಲ್ಲ ಅನ್ನೋರಿಗೆ

ಸೋದರತ್ತೆ ಇರೋ ವೃದ್ಧಾಶ್ರಮದ ಗೇಟಿಗೆ ಇವತ್ತು ಮತ್ತೆ ‘ಆಯಾ ಬೇಕಾಗಿದ್ದಾರೆ’ ಅಂತ ಬೋರ್ಡು ಬಿದ್ದಿದೆ. ನೋಡಿ ಹೊಟ್ಟೆ ಉರೀತು. ಒಳಗೆ ಹೋದರೆ ಹೊಸ ಹುಡುಗಿಯೊಬ್ಬಳು ಅತ್ತೆಗೆ ನೈಟಿ ಹಾಕೋಕೆ ಒದ್ದಾಡ್ತಿದ್ದಾಳೆ. ಲಕ್ವ ಹೊಡೆದ ಕೈಗೆ ಮೊದಲು ತೋಳು ಏರಿಸಬೇಕು, ಚೆನ್ನಾಗಿರೋ ಕೈ ಆಮೇಲೆ. ಉಲ್ಟಾ ಮಾಡಿದರೆ ಭುಜ ಎಳೆದು ಜೀವ ಹೋದಂಗಾಗುತ್ತೆ. ಅವಳಿಗೆ ಇದನ್ನ ಯಾರೂ ಹೇಳಿಕೊಟ್ಟಿಲ್ಲ. ಅತ್ತೆಗೆ ಮಾತು ಹೊರಡಲ್ಲ, ಕಣ್ಣಲ್ಲಿ ನೀರು.

ಇದೆಲ್ಲ ಗೊತ್ತಿದ್ದ ಹಳೇ ಆಯಾ ಈಗ ಮಂಡಿಪೇಟೆಯ ಬಟ್ಟೆ ಅಂಗಡೀಲಿ ಸೀರೆ ಮಡಚ್ತಿದ್ದಾಳೆ. ಸಂಬಳ ಜಾಸ್ತಿ ಏನವ್ವ ಅಂತ ಕೇಳಿದೆ. “ಇಲ್ರಿ ಅಕ್ಕಾ, ಅಷ್ಟೇ ಐತಿ. ಆದ್ರ ವಾರದ ರಜ ಯಾವತ್ತು ಅಂತ ಮೊದ್ಲೇ ಗೊತ್ತಿರ್ತೈತಿ” ಅಂದಳು.

ನನ್ನ ಸಿಟ್ಟಿರೋದು ಇಲ್ಲೇ. ಮೊದಲಿದ್ದ ಮೇಲ್ವಿಚಾರಕಿಯ ಕಾಲದಲ್ಲಿ ಅದೇ ಸಂಬಳಕ್ಕೆ ಇದೇ ಹೆಣ್ಮಕ್ಕಳು ವರ್ಷಗಟ್ಟಲೆ ಇದ್ದರು. ಮುಂದಿನ ವಾರದ ಪಾಳಿ ಶನಿವಾರಾನೇ ಗೋಡೆ ಮೇಲಿರ್ತಿತ್ತು. ಹಾಸಿಗೆ ಹಿಡಿದವರನ್ನ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲಾಂದ್ರೆ ಬೆನ್ನು-ಸೊಂಟದಲ್ಲಿ ಹುಣ್ಣಾಗುತ್ತೆ. ಒಬ್ಬಳೇ ಎಳೆದರೆ ಎಳೆದವಳ ಸೊಂಟವೇ ಹಿಡಿಯುತ್ತೆ. ಆ ಮೇಲ್ವಿಚಾರಕಿ ತಾನೇ ಬಂದು ಬೆಡ್‌ಶೀಟಿನ ಇನ್ನೊಂದು ತುದಿ ಹಿಡೀತಿದ್ದರು. ಹೊಸಬರನ್ನ ಹಳಬರ ಜೊತೆ ಬಿಟ್ಟು ಕೆಲಸ ಕಲಿಸ್ತಿದ್ದರು. ಯಾರದೋ ಮಗ ಬಂದು ಆಯಾ ಮೇಲೆ ಕೂಗಾಡಿದಾಗ “ಏನಿದ್ರೂ ನನ್ನ ಹತ್ರ ಮಾತಾಡಿ” ಅಂತ ಅಡ್ಡ ನಿಂತದ್ದನ್ನ ನಾನೇ ಕಂಡಿದ್ದೀನಿ.

ಈಗಿನವರು ಸಿಸಿಟಿವಿ ಮುಂದೆ ಕೂತು ಫೋನಲ್ಲೇ ಬೈತಾರೆ. ರಾತ್ರಿಯವಳು ಬರಲಿಲ್ಲ ಅಂದ್ರೆ ಹಗಲಿನವಳಿಗೇ “ಇವತ್ತೊಂದಿನ ಇರು”. ಮನೇಲಿ ಅವಳಿಗೂ ಮಕ್ಕಳಿಲ್ವಾ?

ದುಡ್ಡು ಕೊಟ್ಟರೆ ಎಲ್ಲರೂ ಇರ್ತಾರೆ ಬಿಡಿ ಅನ್ನೋರಿದ್ದಾರೆ. ಸಂಬಳ ಏರಲೇಬೇಕು, ಎರಡು ಮಾತಿಲ್ಲ. 1975ರಲ್ಲಿ ಶುರುವಾದ ಯೋಜನೆಯ ಅಂಗನವಾಡಿ ಕಾರ್ಯಕರ್ತೆಯರಿಗೆ ಗ್ರಾಚ್ಯುಟಿ, ಅಂದ್ರೆ ಕೆಲಸ ಬಿಡುವಾಗ ಸಿಗೋ ಇಡಿಗಂಟು, ಸಲ್ಲಬೇಕು ಅಂತ ಸುಪ್ರೀಂ ಕೋರ್ಟ್ ಹೇಳೋಕೆ 2022 ಬರಬೇಕಾಯ್ತು. ಆರೈಕೆ ಮಾಡೋ ಹೆಂಗಸರ ದುಡಿಮೆಗೆ ನಾವು ಕೊಡೋ ಬೆಲೆ ಇಷ್ಟು. ಆದರೆ ಬಟ್ಟೆ ಅಂಗಡೀಲೂ ಅಷ್ಟೇ ಸಂಬಳ ಅಂದಳಲ್ಲ, ಅದಕ್ಕೇನಂತೀರಿ? ಅವಳು ಬಿಟ್ಟು ಹೋಗಿದ್ದು ಕೆಲಸಾನಲ್ಲ, ಮೇಲಿದ್ದವರನ್ನ.

ಹಿರಿಯ ನಾಗರಿಕರ 2007ರ ಕಾಯ್ದೇಲಿ ಜಿಲ್ಲೆಗೊಂದಾದರೂ ವೃದ್ಧಾಶ್ರಮ, ಕನಿಷ್ಠ 150 ಜನಕ್ಕೆ ಜಾಗ ಅಂತ ಬರೆದಿದೆ. ಕಟ್ಟಡ ಕಟ್ಟಬಹುದು, ಮಂಚಾನೂ ತರಬಹುದು. ಅತ್ತೆಗೆ ಗಂಜಿ ಕುಡಿಸುವಾಗ ತಲೆ ಎತ್ತರಿಸಿ ಕೂರಿಸಬೇಕು, ಇಲ್ಲಾಂದ್ರೆ ನೆತ್ತಿಗೇರುತ್ತೆ ಅನ್ನೋದು ಮಂಚಕ್ಕೆ ಗೊತ್ತಿರಲ್ಲ. ಅದು ಗೊತ್ತಿದ್ದವಳನ್ನ ಉಳಿಸಿಕೊಳ್ಳಬೇಕು.

ಅತ್ತೇನ ಮನೇಲಿ ಇಟ್ಕೊಳ್ಳೋ ಪರಿಸ್ಥಿತೀಲಿ ನಾನಿಲ್ಲ. ನಾನು ಮಾಡಬೇಕಾದ್ದನ್ನ ಆ ಹೆಣ್ಮಗಳು ಮುಖ ಸಿಂಡರಿಸದೆ ಮಾಡಿದಳು. ಹಾಗಾಗಿ ಸುಮ್ಮನಿರಲಾರೆ. ತಿಂಗಳ ಕೊನೆಗೆ ಆಡಳಿತ ಮಂಡಳಿಯವರನ್ನ ಕಂಡು ಕೇಳ್ತೀನಿ: ಪಾಳಿ ಪಟ್ಟಿ ವಾರ ಮೊದಲೇ ಹಾಕಿ, ವಾರದ ರಜ ತಪ್ಪಿಸಬೇಡಿ, ವಾರ್ಡಿಗೆ ಇಳಿದು ಕೆಲಸ ಬಲ್ಲವರನ್ನೇ ಮೇಲ್ವಿಚಾರಣೆಗೆ ಕೂರಿಸಿ ಅಂತ. ನಿಮ್ಮ ಮನೆಯ ಹಿರಿಯರೂ ಅಲ್ಲಿದ್ದರೆ ಜೊತೆಗೆ ಬನ್ನಿ.