ಹಳದಿ ಪೆಂಗ್ವಿನ್ ನಿಜ, ‘ಹೊಸ ಜಾತಿ’ ಸುಳ್ಳು

‘ಅಂಟಾರ್ಕ್ಟಿಕಾದಲ್ಲಿ ಹೊಸ ಜಾತಿಯ ಹಳದಿ ಪೆಂಗ್ವಿನ್ ಪತ್ತೆ’ ಎಂಬ ಫೋಟೊ ಮತ್ತೆ ಮತ್ತೆ ಫಾರ್ವರ್ಡ್ ಆಗುತ್ತದೆ. ಅದರ ಕೆಳಗೇ ಯಾರಾದರೂ ‘ಇದು ಎಐ ಚಿತ್ರ’ ಎಂದು ಬರೆದಿರುತ್ತಾರೆ. ಎರಡೂ ತಪ್ಪು.

ಫೋಟೊ ಅಸಲಿ. ಬೆಲ್ಜಿಯಂನ ಛಾಯಾಗ್ರಾಹಕ ಈವ್ ಆಡಮ್ಸ್ ಇದನ್ನು ತೆಗೆದದ್ದು 2019ರ ಡಿಸೆಂಬರ್‌ನಲ್ಲಿ, ದಕ್ಷಿಣ ಅಟ್ಲಾಂಟಿಕ್‌ನ ಸೌತ್ ಜಾರ್ಜಿಯಾ ದ್ವೀಪದಲ್ಲಿ. ಜಗತ್ತು ನೋಡಿದ್ದು 2021ರ ಫೆಬ್ರವರಿಯಲ್ಲಿ. ಎಐ ಚಿತ್ರದ ಆ್ಯಪ್‌ಗಳು ಆಗಿನ್ನೂ ಜನರ ಕೈಗೆ ಬಂದಿರಲಿಲ್ಲ. ಆಡಮ್ಸ್ ತಂಡದವರು ರಬ್ಬರ್ ದೋಣಿಯಿಂದ ಸಾಮಾನು ಇಳಿಸುತ್ತಿದ್ದಾಗ ಈಜಿಕೊಂಡು ಬಂದ ಹಕ್ಕಿ ಅವರ ಹತ್ತಿರವೇ ದಡ ಹತ್ತಿತು. ಲಕ್ಷಕ್ಕೂ ಹೆಚ್ಚು ಪೆಂಗ್ವಿನ್‌ಗಳು ಕಿಕ್ಕಿರಿದ ಆ ತೀರದಲ್ಲಿ ಅಡ್ಡ ಯಾವುದೂ ಬರದೆ ಫೋಟೊ ಸಿಕ್ಕಿದ್ದು, ನನ್ನ ಕಣ್ಣಿಗೆ, ಹಕ್ಕಿಯ ಬಣ್ಣದಷ್ಟೇ ಅಪರೂಪ.

ಇನ್ನು ‘ಹೊಸ ಜಾತಿ’. ಫೋಟೊವನ್ನು ಹಿಗ್ಗಿಸಿ ನೋಡಿ: ಅದೇ ನೀಳ ಕೊಕ್ಕು, ಕಿವಿಯ ಬಳಿ ಅದೇ ಪಟ್ಟೆ. ಇದು ಮೊದಲೇ ಗೊತ್ತಿರುವ ಕಿಂಗ್ ಪೆಂಗ್ವಿನ್ ಜಾತಿಯದೇ. ಕಪ್ಪಿರಬೇಕಾದ ತಲೆ, ಬೆನ್ನು, ರೆಕ್ಕೆಗಳು ಮಾತ್ರ ಕೆನೆಬಣ್ಣಕ್ಕೆ ತಿರುಗಿವೆ. ಕಪ್ಪು ಕೊಡುವುದು ಮೆಲನಿನ್. ಹಳದಿಗೆ ಬೇರೆಯೇ ವರ್ಣದ್ರವ್ಯವಿದೆ. ಮೊದಲನೆಯದು ಕೈಕೊಟ್ಟರೂ ಎರಡನೆಯದು ಉಳಿಯುತ್ತದೆ. ಇದನ್ನು ಲ್ಯೂಸಿಸಂ (ಮೈಬಣ್ಣ ಭಾಗಶಃ ಕಳೆದುಹೋಗುವ ಸ್ಥಿತಿ) ಎನ್ನಬೇಕೇ, ಬೇರೆ ಹೆಸರಿಡಬೇಕೇ ಎಂಬುದರಲ್ಲಿ ತಜ್ಞರಿಗೇ ಒಮ್ಮತವಿಲ್ಲ, ಹೊಸ ಜಾತಿ ಎಂದು ಮಾತ್ರ ಅವರು ಹೇಳಿಲ್ಲ.

ಅಂದಹಾಗೆ, ಸೌತ್ ಜಾರ್ಜಿಯಾ ಇರುವುದು ಸುಮಾರು 54 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ. ಅಂಟಾರ್ಕ್ಟಿಕಾ ಖಂಡ ಇನ್ನೂ ಬಹಳ ಕೆಳಗಿದೆ.