ಊರಲ್ಲಿ ಬೇಡವಾದ ಸರ್ಕಾರಿ ಶಾಲೆ ಟೆಕ್ಸಾಸಿನಲ್ಲಿ ಬೇಕಾಯಿತು

ಡಲ್ಲಾಸಿನ ಉತ್ತರದ ಊರುಗಳಲ್ಲಿ ಮನೆ ಹುಡುಕುತ್ತಿದ್ದ ದಿನಗಳವು. ಕಾರಿನಿಂದ ಇಳಿಯುವ ಮೊದಲೇ ಏಜೆಂಟ್ ಹೇಳಿದ್ದು ಮನೆಯಲ್ಲಿ ಎಷ್ಟು ಕೋಣೆಗಳಿವೆ ಅಂತಲ್ಲ, ಈ ಬೀದಿಯ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ ಅಂತ. ರಸ್ತೆ ದಾಟಿದರೆ ಬೇರೆ ಶಾಲೆ. ಆ ಕಡೆಯ ಮನೆಯೂ ಅಷ್ಟೇ ದೊಡ್ಡದು, ಬೆಲೆ ಮಾತ್ರ ಕಡಿಮೆ. ನಾವು ಈ ಕಡೆಯದನ್ನೇ ಕೊಂಡೆವು.

ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ಕಾನ್ವೆಂಟಾ?" ಅಂದರು. "ಅಲ್ಲಮ್ಮ, ಸರ್ಕಾರಿ ಶಾಲೆ." ಒಂದು ಗಳಿಗೆ ಮಾತಿಲ್ಲ. ಆಮೇಲೆ, "ಅಲ್ವೋ, ನಿನ್ನ ತಮ್ಮನ ಮಗಳನ್ನ ನಮ್ಮೂರ ಸರ್ಕಾರಿ ಶಾಲೆಗೆ ಹಾಕೋಣ ಅಂದಾಗ ನೀನೇ ಬೇಡ ಅಂದೆ. ಈಗ ಸಾಲ ಮಾಡಿ ಸರ್ಕಾರಿ ಶಾಲೆ ಪಕ್ಕ ಮನೆ ತಗೊಂಡಿದೀಯಾ?"

ಅಮ್ಮನಿಗೆ ಅವತ್ತು ಸರಿಯಾದ ಉತ್ತರ ಕೊಡಲಾಗಲಿಲ್ಲ. ಇಲ್ಲಿಗೆ ಬಂದ ಕನ್ನಡಿಗರಲ್ಲಿ ಬಹಳ ಮಂದಿಯ ಕಥೆ ಇದೇ. ಬೆಂಗಳೂರಿನಲ್ಲಿದ್ದಿದ್ದರೆ ಮಕ್ಕಳನ್ನು ಸರ್ಕಾರಿ ಶಾಲೆಯ ಗೇಟಿನ ಹತ್ತಿರವೂ ಬಿಡದವರು ಇಲ್ಲಿ ಅದೇ ಸರ್ಕಾರಿ ಶಾಲೆಯ ಪರಮ ಭಕ್ತರು. ಯುಗಾದಿ ಊಟದ ಪಂಕ್ತಿಯಲ್ಲಿ ಹೋಳಿಗೆಗಿಂತ ಜಾಸ್ತಿ ಚರ್ಚೆಯಾಗುವುದು ಯಾವ ಐಎಸ್‌ಡಿ ಒಳ್ಳೆಯದು ಅನ್ನುವುದು.

ಐಎಸ್‌ಡಿ ಅಂದರೆ ಇಂಡಿಪೆಂಡೆಂಟ್ ಸ್ಕೂಲ್ ಡಿಸ್ಟ್ರಿಕ್ಟ್. ನಮ್ಮ ಜಿಲ್ಲೆಯಂಥದ್ದಲ್ಲ. ಒಂದು ಪಟ್ಟಣಕ್ಕೋ, ಎರಡು ಮೂರು ಪಟ್ಟಣಗಳಿಗೋ ಒಂದೊಂದು ಇರುತ್ತದೆ. ನಗರಸಭೆಗೂ ಅದಕ್ಕೂ ಸಂಬಂಧವಿಲ್ಲ. ತನ್ನದೇ ಚುನಾವಣೆ, ತನ್ನದೇ ತೆರಿಗೆ, ತನ್ನದೇ ಹಳದಿ ಬಸ್ಸುಗಳು. ಸರ್ಕಾರದ ದುಡ್ಡಿನಲ್ಲಿ ಬೇರೆಯವರು ನಡೆಸುವ ಚಾರ್ಟರ್ ಶಾಲೆಗಳ ಸಂಸ್ಥೆಗಳನ್ನೂ ಸೇರಿಸಿದರೆ ಟೆಕ್ಸಾಸಿನಲ್ಲಿ ಇಂಥವು ಸುಮಾರು 1,200. ಶಾಲೆಗಳು 9,000 ಆಸುಪಾಸು. ಓದುವ ಮಕ್ಕಳು ಸುಮಾರು 55 ಲಕ್ಷ. ಖಾಸಗಿ ಶಾಲೆಗೆ ಹೋಗುವವರು ಹತ್ತರಲ್ಲಿ ಒಬ್ಬರೂ ಇಲ್ಲ. ಕರ್ನಾಟಕದಲ್ಲಿ ಸರ್ಕಾರಿ ಶಾಲೆಗಳೇ 45,000ಕ್ಕೂ ಜಾಸ್ತಿ. ಇಲ್ಲಿ ಒಂದು ಶಾಲೆಗೆ ಸರಾಸರಿ 600 ಮಕ್ಕಳು. ನಮ್ಮಲ್ಲಿ ಇಪ್ಪತ್ತು ಮಕ್ಕಳಿಗೆ ಒಂದು ಶಾಲೆ, ಒಬ್ಬರೇ ಮೇಷ್ಟ್ರು ಇರುವ ಊರುಗಳು ಎಷ್ಟಿಲ್ಲ! ಅದನ್ನು ನೋಡಿ ನಗುವವರಿದ್ದಾರೆ. ಆದರೆ ಆರು ವರ್ಷದ ಮಗು ನಡೆದುಕೊಂಡು ಹೋಗುವಷ್ಟು ಹತ್ತಿರ ಶಾಲೆ ಇರುವುದು ಸಣ್ಣ ಮಾತಲ್ಲ. ಇಲ್ಲಿ ಬಸ್ಸು ಬಾರದಿದ್ದರೆ ಅರ್ಧ ಶಾಲೆ ಖಾಲಿ.

ಮಗಳು ಸೇರಿದ ವರ್ಷ ನನಗೆ ಹಿಡಿಸಿದ್ದು ಕಟ್ಟಡವಲ್ಲ, ವರದಿ. ರಾಜ್ಯದ ಶಿಕ್ಷಣ ಇಲಾಖೆ, ಅಂದರೆ ಟೆಕ್ಸಾಸ್ ಎಜುಕೇಶನ್ ಏಜೆನ್ಸಿ, ಪ್ರತಿ ವರ್ಷ ಪ್ರತಿ ಶಾಲೆಯ ಜಾತಕವನ್ನು ಎಲ್ಲರಿಗೂ ಕಾಣುವಂತೆ ಇಡುತ್ತದೆ. ಎಷ್ಟು ಮಕ್ಕಳು, ಹಾಜರಾತಿ ಎಷ್ಟು, ಶಿಕ್ಷಕರಿಗೆ ಎಷ್ಟು ವರ್ಷದ ಅನುಭವ, ಸರಾಸರಿ ಸಂಬಳ ಎಷ್ಟು, ಒಂದು ತರಗತಿಗೆ ಎಷ್ಟು ಮಕ್ಕಳು, ಬಡ ಮನೆಯ ಮಕ್ಕಳು ಎಷ್ಟು. ರಾಜ್ಯದಲ್ಲಿ ಹತ್ತರಲ್ಲಿ ಆರು ಮಕ್ಕಳು ಆ ಲೆಕ್ಕಕ್ಕೆ ಬರುತ್ತಾರೆ ಅನ್ನುವುದೂ ನನಗೆ ಗೊತ್ತಾಗಿದ್ದು ಅಲ್ಲೇ. ಅಮೆರಿಕ ಅಂದರೆ ಶ್ರೀಮಂತರ ದೇಶ ಅಂದುಕೊಂಡಿದ್ದವನಿಗೆ ಅದು ಒಂದು ಏಟು.

ಹಾಗಂತ ಊರಲ್ಲಿ ಅಂಕಿ-ಅಂಶ ಇಲ್ಲ ಅಂತಲ್ಲ. ದೇಶದ ಎಲ್ಲ ಶಾಲೆಗಳ ಮಾಹಿತಿ ಕೂಡಿಡುವ ಯುಡೈಸ್ ಅಂತ ಒಂದು ಸರ್ಕಾರಿ ವ್ಯವಸ್ಥೆ ಇದೆ. ಪ್ರತಿ ಶಾಲೆಗೂ ಹನ್ನೊಂದು ಅಂಕಿಯ ಸಂಖ್ಯೆ ಇದೆ. ಕೋಣೆ, ಶೌಚಾಲಯ, ಕುಡಿಯುವ ನೀರು, ಶಿಕ್ಷಕರು, ಎಲ್ಲ ತುಂಬುತ್ತಾರೆ. ತುಂಬಿ ತುಂಬಿ ಮೇಷ್ಟರುಗಳ ಕೈ ಸೋತಿದೆ. ನಾನು ಓದಿದ ಶಾಲೆಯನ್ನು ಇಲ್ಲಿ ಕೂತೇ ತೆಗೆದು ನೋಡಿದೆ. ಊರಲ್ಲಿರುವ ತಮ್ಮನಿಗೆ ಅಂಥದ್ದೊಂದು ಇದೆ ಅಂತಲೇ ಗೊತ್ತಿರಲಿಲ್ಲ. "ಅದನ್ನ ತಿಳ್ಕೊಂಡು ನಾನೇನು ಮಾಡ್ಲಿ ಅಣ್ಣ?" ಅಂದ. ನಮ್ಮಲ್ಲಿ ಅಂಕಿಗಳು ಕೆಳಗಿನಿಂದ ಮೇಲಕ್ಕೆ ಹೋಗುತ್ತವೆ, ಬಿಇಓ ಕಚೇರಿಗೆ, ಅಲ್ಲಿಂದ ಬೆಂಗಳೂರಿಗೆ, ಅಲ್ಲಿಂದ ದೆಹಲಿಗೆ. ತಿರುಗಿ ಊರಿಗೆ ಇಳಿಯುವುದಿಲ್ಲ.

ಇಲ್ಲಿ ಅವು ಇಳಿಯುತ್ತವೆ. ಇಳಿಯುವುದಷ್ಟೇ ಅಲ್ಲ, ಕಚ್ಚುತ್ತವೆ. ಶಾಲೆಗಳಿಗೆ ಮಕ್ಕಳಿಗೆ ಕೊಡುವ ಹಾಗೆ ಎ, ಬಿ, ಸಿ, ಡಿ, ಎಫ್ ಅಂತ ಗ್ರೇಡ್ ಕೊಡುತ್ತಾರೆ. ಅದರಲ್ಲಿ ದೊಡ್ಡ ಪಾಲು ರಾಜ್ಯವೇ ನಡೆಸುವ ಸ್ಟಾರ್ ಅನ್ನುವ ಪರೀಕ್ಷೆಯದು. ಮೂರನೇ ಕ್ಲಾಸಿನಿಂದಲೇ ಶುರು. ಒಂದೇ ಶಾಲೆ ಸತತ ಐದು ವರ್ಷ ನಪಾಸಾದರೆ ರಾಜ್ಯ ಆ ಶಾಲೆಯನ್ನು ಮುಚ್ಚಬೇಕು, ಇಲ್ಲವೇ ಇಡೀ ಡಿಸ್ಟ್ರಿಕ್ಟನ್ನು ವಶಕ್ಕೆ ತೆಗೆದುಕೊಳ್ಳಬೇಕು ಅಂತ 2015ರಲ್ಲಿ ಕಾನೂನಾಯಿತು. 2023ರ ಜೂನಿನಲ್ಲಿ ರಾಜ್ಯದ ಅತಿ ದೊಡ್ಡ ಡಿಸ್ಟ್ರಿಕ್ಟ್ ಹೂಸ್ಟನ್ನಿಗೆ ಅದೇ ಆಯಿತು. ಜನ ಆರಿಸಿದ ಮಂಡಳಿಯನ್ನು ಪಕ್ಕಕ್ಕಿಟ್ಟು ರಾಜ್ಯ ತನ್ನ ಜನರನ್ನು ಕೂರಿಸಿತು. ಅತ್ತ ಗ್ರೇಡ್ ಕೊಡುವ ಕ್ರಮ ಬದಲಾಯಿತು ಅಂತ ಡಿಸ್ಟ್ರಿಕ್ಟುಗಳು ಕೋರ್ಟಿಗೆ ಹೋದವು. 2023ರ ಗ್ರೇಡುಗಳು ಹೊರಬಂದಿದ್ದು 2025ರ ಏಪ್ರಿಲಿನಲ್ಲಿ. ಅಷ್ಟರಲ್ಲಿ ಆ ಮಕ್ಕಳು ಎರಡು ಕ್ಲಾಸು ಮುಂದೆ ಹೋಗಿದ್ದರು. ಈಗ ಸ್ಟಾರ್ ಪರೀಕ್ಷೆಯನ್ನೇ ತೆಗೆದು 2027-28ರಿಂದ ವರ್ಷಕ್ಕೆ ಮೂರು ಚಿಕ್ಕ ಪರೀಕ್ಷೆ ಮಾಡುವ ಕಾನೂನು ಬಂದಿದೆ. ಒಂದು ದೊಡ್ಡ ತಲೆನೋವಿಗೆ ಬದಲಾಗಿ ಮೂರು ಸಣ್ಣ ತಲೆನೋವು ಅನ್ನುತ್ತಾಳೆ ನನ್ನ ಹೆಂಡತಿ.

ಪರೀಕ್ಷೆಯ ಅಂಕಿ ನಂಬುವ ವಿಷಯದಲ್ಲಿ ನಮಗೂ ಒಂದು ಪಾಠ ಆಗಿದೆಯಲ್ಲ. 2023ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ 83.89 ಪರ್ಸೆಂಟ್. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಕೃಪಾಂಕ ಹೆಚ್ಚಿಸಿದ ಮೇಲೂ ಬಂದಿದ್ದು 73.40. ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾದರೇ?

ಇನ್ನು ದುಡ್ಡಿನ ಮಾತು. ಟೆಕ್ಸಾಸಿನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಅದಕ್ಕೆ ಬದಲು ಮನೆ ತೆರಿಗೆ ಜೋರು. ವರ್ಷಕ್ಕೊಮ್ಮೆ ಬರುವ ಬಿಲ್ಲಿನಲ್ಲಿ ಕೌಂಟಿಗೆ, ಅಂದರೆ ಇಲ್ಲಿನ ಜಿಲ್ಲೆಗೆ ಇಷ್ಟು, ನಗರಕ್ಕೆ ಇಷ್ಟು, ಶಾಲೆಗೆ ಇಷ್ಟು ಅಂತ ಬೇರೆ ಬೇರೆ ಸಾಲುಗಳು. ನನ್ನ ಬಿಲ್ಲಿನಲ್ಲಿ ಶಾಲೆಯ ಸಾಲೇ ದೊಡ್ಡದು. ಆ ಸಾಲು ನೋಡಿದ ದಿನ ನನಗೆ ಅಮ್ಮನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಕಣ್ಣೆದುರು ಕೈಬಿಟ್ಟ ದುಡ್ಡಿನ ಲೆಕ್ಕ ಯಾರು ಕೇಳುವುದಿಲ್ಲ ಹೇಳಿ? ಸ್ಕೂಲ್ ಬೋರ್ಡಿನ ಸಭೆಯಲ್ಲಿ ನಿವೃತ್ತರಾದ ಅಜ್ಜಂದಿರೂ ಮೈಕಿನ ಮುಂದೆ ನಿಂತು ಹೊಸ ಸ್ಟೇಡಿಯಂ ಯಾಕೆ ಬೇಕು ಅಂತ ಕೇಳುತ್ತಾರೆ. ಬೋರ್ಡಿನ ಸದಸ್ಯರಿಗೆ ಸಂಬಳವಿಲ್ಲ. ಆದರೂ ಚುನಾವಣೆಗೆ ನಿಲ್ಲುತ್ತಾರೆ, ಬೈಸಿಕೊಳ್ಳುತ್ತಾರೆ.

ಇದರ ಇನ್ನೊಂದು ಮುಖ ಅಷ್ಟು ಚೆಂದವಿಲ್ಲ. ಮನೆ ಬೆಲೆ ಜಾಸ್ತಿ ಇದ್ದಲ್ಲಿ ಶಾಲೆಗೆ ದುಡ್ಡು ಜಾಸ್ತಿ, ಕಡಿಮೆ ಇದ್ದಲ್ಲಿ ಕಡಿಮೆ, ಬಹುಕಾಲ ಹೀಗೇ ಇತ್ತು. ಸ್ಯಾನ್ ಆಂಟೋನಿಯೊದ ಎಜ್‌ವುಡ್ ಅನ್ನುವ ಬಡ ಡಿಸ್ಟ್ರಿಕ್ಟಿನ ಪೋಷಕರು ಇದನ್ನು ಪ್ರಶ್ನಿಸಿ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋದರು. 1973ರಲ್ಲಿ ಐದು-ನಾಲ್ಕರಿಂದ ಸೋತರು. ಶಿಕ್ಷಣ ಈ ದೇಶದ ಸಂವಿಧಾನದಲ್ಲಿ ಮೂಲಭೂತ ಹಕ್ಕಲ್ಲ ಅಂದಿತು ಕೋರ್ಟು. ಇದನ್ನು ಓದಿದಾಗ ನೆನಪಾಗಿದ್ದು ಮೋಹಿನಿ ಜೈನ್ ಪ್ರಕರಣ. 1992ರಲ್ಲಿ ನಮ್ಮ ಸುಪ್ರೀಂ ಕೋರ್ಟು ಶಿಕ್ಷಣ ಮೂಲಭೂತ ಹಕ್ಕು ಅಂದಿದ್ದು ಕರ್ನಾಟಕ ಸರ್ಕಾರದ ವಿರುದ್ಧ ಹೂಡಿದ ಆ ಮೊಕದ್ದಮೆಯಲ್ಲೇ. ಕಾಗದದ ಮೇಲೆ ನಾವೇ ಮುಂದೆ!

ಟೆಕ್ಸಾಸಿನಲ್ಲಿ ಜಗಳ ಅಲ್ಲಿಗೆ ನಿಲ್ಲಲಿಲ್ಲ. ಎಜ್‌ವುಡ್‌ನವರು ರಾಜ್ಯದ ಕೋರ್ಟಿಗೆ ಹೋಗಿ 1989ರಲ್ಲಿ ಗೆದ್ದರು. 1993ರಲ್ಲಿ ಶ್ರೀಮಂತ ಡಿಸ್ಟ್ರಿಕ್ಟುಗಳ ತೆರಿಗೆಯಲ್ಲಿ ಒಂದು ಪಾಲನ್ನು ಬಡವರಿಗೆ ಹಂಚುವ ಕಾನೂನು ಬಂತು. ಜನ ಅದನ್ನು ರಾಬಿನ್ ಹುಡ್ ಅನ್ನುತ್ತಾರೆ. ನಮ್ಮವರು ಪಾರ್ಟಿಗಳಲ್ಲಿ ಅದನ್ನು ಬೈಯುತ್ತಾರೆ. ಮಂಡ್ಯದಲ್ಲೋ ಹಾಸನದಲ್ಲೋ ಪುಕ್ಕಟೆ ಪಠ್ಯಪುಸ್ತಕದಲ್ಲಿ ಓದಿ ಬಂದವರು ಹೀಗೆ ಬೈಯುವುದನ್ನು ಕೇಳಿದಾಗ ನಾನು ಎದ್ದು ಅನ್ನ ಬಡಿಸಿಕೊಳ್ಳಲು ಹೋಗುತ್ತೇನೆ.

ಅನ್ನ ಅಂದಾಗ ನೆನಪಾಯಿತು. ಇಲ್ಲಿ ಶಾಲೆಯ ಊಟಕ್ಕೆ ದುಡ್ಡು ಕೊಡಬೇಕು. ಬಡವರು ಅರ್ಜಿ ತುಂಬಿದರೆ ಉಚಿತ, ಇಲ್ಲವೇ ಕಡಿಮೆ ಬೆಲೆ. ಬಡವರೇ ಜಾಸ್ತಿ ಇರುವ ಎಷ್ಟೋ ಶಾಲೆಗಳಲ್ಲಿ ಮಾತ್ರ ಎಲ್ಲರಿಗೂ ಉಚಿತ. ಉಳಿದೆಡೆ ಮಗುವಿನ ಖಾತೆಯಲ್ಲಿ ದುಡ್ಡು ಮುಗಿದರೆ ಊಟದ ಸಾಲ ಅಂತ ಮನೆಗೆ ಮೆಸೇಜ್ ಬರುತ್ತದೆ. ಮೊದಲ ಸಲ ನನಗೆ ಬಂದಾಗ ನಾಚಿಕೆಯಾಯಿತು. ನಮ್ಮಲ್ಲಿ ಬಿಸಿಯೂಟದ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಶುರುವಾಗಿ ಇಡೀ ರಾಜ್ಯಕ್ಕೆ ಬಂತು. 2013ರಿಂದ ಕ್ಷೀರಭಾಗ್ಯದ ಹಾಲು. ನಿಮ್ಮಪ್ಪನ ಆದಾಯ ಎಷ್ಟು ಅಂತ ತಟ್ಟೆ ಹಿಡಿದ ಮಗುವನ್ನು ಯಾರೂ ಕೇಳುವುದಿಲ್ಲ.

ಶಿಕ್ಷಕರ ವಿಷಯದಲ್ಲೂ ನಮ್ಮದನ್ನು ಸುಮ್ನೆ ತೆಗೆದುಹಾಕುವ ಹಾಗಿಲ್ಲ. ಟೆಕ್ಸಾಸಿನಲ್ಲಿ ಇತ್ತೀಚೆಗೆ ಹೊಸದಾಗಿ ಸೇರಿದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಶಿಕ್ಷಕರ ಪ್ರಮಾಣಪತ್ರವೇ ಇಲ್ಲ. ಊರಿನ ಕಾಯಂ ಮೇಷ್ಟ್ರು ಡಿಎಡ್ಡೋ ಬಿಎಡ್ಡೋ ಮಾಡಿ, ಅರ್ಹತೆಗೆ ಟಿಇಟಿ ಬರೆದು, ನೇಮಕಾತಿಗೆ ಸಿಇಟಿ ಬರೆದು ಬಂದಿರುತ್ತಾರೆ. ಯಾದಗಿರಿಯಲ್ಲೂ ಮೈಸೂರಿನಲ್ಲೂ ಅವರಿಗೆ ಒಂದೇ ವೇತನ ಶ್ರೇಣಿ. ಇಲ್ಲಿ ಡಿಸ್ಟ್ರಿಕ್ಟ್ ಬದಲಾದರೆ ಸಂಬಳವೂ ಬದಲು.

ಹಾಗಾದರೆ ಅಲ್ಲಿ ಏನು ಕಡಿಮೆ? ನನ್ನ ಲೆಕ್ಕದಲ್ಲಿ ಕಡಿಮೆಯಾಗಿರುವುದು ನಾವೇ. ಕೇಳುವ ಬಾಯಿ ಇರುವವರು ಮೊದಲು ಹೊರಗೆ ಬಂದೆವು. ತಹಶೀಲ್ದಾರರ ಮಗ, ಅಂಗಡಿ ಶೆಟ್ಟರ ಮಗಳು, ಅದೇ ಶಾಲೆಯ ಮೇಷ್ಟ್ರ ಮಕ್ಕಳು, ಎಲ್ಲ ಖಾಸಗಿ ಶಾಲೆಯ ವ್ಯಾನ್ ಹತ್ತಿದರು. ಇಲ್ಲಿ ಡಾಕ್ಟರ ಮಗುವೂ ಬಸ್ ಡ್ರೈವರ ಮಗುವೂ ಒಂದೇ ಬೆಂಚಿನಲ್ಲಿ ಅಂತ ಹೇಳಿದರೆ ಸುಳ್ಳಾಗುತ್ತದೆ, ಮನೆ ಬೆಲೆ ಅವರನ್ನು ಮೊದಲೇ ಬೇರೆ ಮಾಡಿರುತ್ತದೆ. ಆದರೆ ಪ್ರತಿ ಶಾಲೆಯಲ್ಲೂ ಗಲಾಟೆ ಮಾಡುವ ಕೆಲವರಾದರೂ ಉಳಿದಿದ್ದಾರೆ. ಅವರೂ ಎಷ್ಟು ದಿನವೋ. 2025ರಲ್ಲಿ ಟೆಕ್ಸಾಸ್ ಇನ್ನೊಂದು ಕಾನೂನು ಮಾಡಿತು. ಖಾಸಗಿ ಶಾಲೆಗೆ ಹೋಗುವ ಮಕ್ಕಳಿಗೆ ಸರ್ಕಾರವೇ ದುಡ್ಡು ಕೊಡುತ್ತದಂತೆ, 2026-27ರಿಂದ, ಶುರುವಿಗೆ 100 ಕೋಟಿ ಡಾಲರ್. ನಮ್ಮ ತಾಲ್ಲೂಕಿನಲ್ಲಿ ವ್ಯಾನ್ ಬಂದ ಮೊದಲ ವರ್ಷ ನೆನಪಾಯಿತು.

ಹೋದ ತಿಂಗಳು ತಮ್ಮನಿಗೆ ಮತ್ತೆ ಫೋನ್ ಮಾಡಿದ್ದೆ. ಊರಿನ ಶಾಲೆಯ ಎರಡು ಕೋಣೆ ಸೋರುತ್ತಿವೆ, ದುಡ್ಡು ಕಳಿಸುತ್ತೇನೆ, ನೀನು ಎಸ್‌ಡಿಎಂಸಿಯಲ್ಲಿ ಸೇರಿಕೊಂಡು ಕೆಲಸ ನೋಡಿಕೋ ಅಂದೆ. ಶಾಲೆಯ ಉಸ್ತುವಾರಿಗೆ ಪೋಷಕರದೇ ಸಮಿತಿ ಇರಲಿ ಅಂತ ಸರ್ಕಾರ 2001ರಲ್ಲೇ ಮಾಡಿದ ಏರ್ಪಾಡು ಅದು. ಅವನು ಹೋಗಿ ಕೇಳಿಯೂ ಬಂದ. ಹೆಡ್‌ಮೇಷ್ಟ್ರು ಕಾಫಿ ಕೊಟ್ಟು ಕೂರಿಸಿ ಹೇಳಿದರಂತೆ: "ಬಾರಪ್ಪ, ಬೇಡ ಅಂತೀನಾ? ಆದ್ರೆ ಸಮಿತೀಲಿ ಸೇರೋಕೆ ನಿನ್ನ ಮಗು ಇಲ್ಲಿ ಓದ್ತಿರಬೇಕಲ್ಲ."